ಕುಡಿತ ಬಿಟ್ಟವರಿಗೆ ಬೇಕು ಜೊತೆ: ವ್ಯಸನಮುಕ್ತಿಯಲ್ಲಿ ಸಮುದಾಯದ ಪಾತ್ರ

ಮದ್ಯವ್ಯಸನಿಯೊಬ್ಬ ಚಿಕಿತ್ಸಾ ಕೇಂದ್ರದಲ್ಲಿ ಕೆಲವು ವಾರ ಇದ್ದು ಮನೆಗೆ ಮರಳುತ್ತಾನೆ. ಮುಖದಲ್ಲಿ ಕಳೆ ಬಂದಿದೆ, ಕೈ ನಡುಗುವುದಿಲ್ಲ, ಊಟ ಸೇರುತ್ತಿದೆ. ಮನೆಯವರು ದೇವರಿಗೆ ಕೃತಜ್ಞತೆ ಸಲ್ಲಿಸಿ, ಇನ್ನು ಎಲ್ಲವೂ ಸರಿಹೋಯಿತು ಎಂದು ನಿಟ್ಟುಸಿರು ಬಿಡುತ್ತಾರೆ. ಎರಡು ತಿಂಗಳು ಕಳೆಯುವಷ್ಟರಲ್ಲಿ ಆತ ಮತ್ತೆ ಕುಡಿದು ಬಂದರೆ, 'ಎಷ್ಟು ಖರ್ಚು ಮಾಡಿದರೂ ಇವನ ಬುದ್ಧಿ ಇಷ್ಟೇ' ಎಂಬ ಮಾತು ಮನೆಯಲ್ಲೂ ವಾಳೆಯಲ್ಲೂ ಕೇಳಿಬರುತ್ತದೆ. ಚಿಕಿತ್ಸೆ ಅವನ ದೇಹದಿಂದ ಮದ್ಯವನ್ನು ತೆಗೆದಿತ್ತು, ನಿಜ. ಆದರೆ ಅವನು ಮರಳಿ ಬಂದದ್ದು ಅದೇ ಸಂಜೆ ಆರು ಗಂಟೆಗೆ, ಅದೇ ದಾರಿಗೆ, ಅದೇ ಗೆಳೆಯರ ನಡುವೆಗೆ. ಕುಡಿತ ಬಿಟ್ಟಾಗ ತೆರವಾದ ಆ ಹೊತ್ತನ್ನು ಯಾರ ಜೊತೆ ಕಳೆಯಬೇಕೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಮದ್ಯವ್ಯಸನವನ್ನು ವೈದ್ಯಶಾಸ್ತ್ರ ಕಾಯಿಲೆ ಎಂದು ಒಪ್ಪಿಕೊಂಡು ದಶಕಗಳೇ ಕಳೆದಿವೆ. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳಂತೆ ಇದೂ ದೀರ್ಘಕಾಲ ಜಾಗ್ರತೆ ಬೇಡುವ ಕಾಯಿಲೆ. ವ್ಯತ್ಯಾಸವೆಂದರೆ, ಇಲ್ಲಿ ಪ್ರತಿದಿನದ ಔಷಧದಲ್ಲಿ ದೊಡ್ಡ ಪಾಲು ಮನುಷ್ಯರದ್ದು. ಕೇಂದ್ರ ಸರಕಾರದ ಪರವಾಗಿ ದೆಹಲಿಯ ಏಮ್ಸ್ ಸಂಸ್ಥೆ ನಡೆಸಿ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಭಾರತದಲ್ಲಿ 10ರಿಂದ 75 ವರ್ಷ ವಯಸ್ಸಿನವರಲ್ಲಿ ಶೇ. 14.6 ಮಂದಿ, ಅಂದರೆ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ. ಕುಡಿತದಿಂದ ತೊಂದರೆಗೆ ಸಿಲುಕಿ ನೆರವಿನ ಅಗತ್ಯವಿರುವವರು ಸುಮಾರು 5.7 ಕೋಟಿ. ಮದ್ಯಕ್ಕೆ ಪೂರ್ತಿ ಅಂಟಿಕೊಂಡವರಲ್ಲಿ ಯಾವುದಾದರೂ ಚಿಕಿತ್ಸೆ ಪಡೆದವರು 38 ಮಂದಿಗೆ ಒಬ್ಬರಂತೆ ಮಾತ್ರ. ಉಳಿದ 37 ಮಂದಿ ಎಲ್ಲಿದ್ದಾರೆ? ನಮ್ಮ ನಿಮ್ಮ ಮನೆಗಳಲ್ಲಿ, ಬಾಗಿಲು ಮುಚ್ಚಿಕೊಂಡು ಇದ್ದಾರೆ.

ಆಕ್ರನ್ ನಗರದ ಒಂದು ಸಂಜೆ

ಪರಸ್ಪರ ಬೆಂಬಲದಿಂದ ವ್ಯಸನಮುಕ್ತಿ ಎಂಬುದು ಇಂದು ಜಗತ್ತಿನೆಲ್ಲೆಡೆ ಪರಿಚಿತ. ಇದಕ್ಕೆ ಈಗಿನ ರೂಪ ಸಿಕ್ಕಿದ್ದು 1935ರಲ್ಲಿ, ಅಮೆರಿಕದ ಒಹಾಯೊ ರಾಜ್ಯದ ಆಕ್ರನ್ ಎಂಬ ಊರಿನಲ್ಲಿ. ನ್ಯೂಯಾರ್ಕಿನ ಷೇರು ವ್ಯವಹಾರಸ್ಥ ಬಿಲ್ ವಿಲ್ಸನ್ ಎಂಬವರು ಕುಡಿತದಿಂದ ಸರ್ವನಾಶದ ಅಂಚಿಗೆ ಬಂದು, 1934ರ ಡಿಸೆಂಬರಿನಲ್ಲಿ ಆಸ್ಪತ್ರೆ ಸೇರಿ ಕುಡಿತ ಬಿಟ್ಟಿದ್ದರು. ಆಮೇಲಿನ ಐದು ತಿಂಗಳು ಅವರು ಬೇರೆ ಕುಡುಕರನ್ನು ಹುಡುಕಿ ಹುಡುಕಿ ಬುದ್ಧಿ ಹೇಳಿದರು. ಒಬ್ಬನೂ ಬಿಡಲಿಲ್ಲ. ಅವರು ನಿರಾಶರಾಗಿ ಕುಳಿತಾಗ, ಇಷ್ಟು ದಿನ ನೀವಾದರೂ ಕುಡಿಯದೆ ಇದ್ದೀರಲ್ಲ ಎಂದು ಪತ್ನಿ ಲೋಯಿಸ್ ನೆನಪಿಸಿದರಂತೆ. ಎಲ್ಲರಿಗಿಂತ ಮೊದಲು ವಿಷಯದ ತಿರುಳನ್ನು ಹಿಡಿದವರು ಆ ಗೃಹಿಣಿ ಎಂದೇ ಹೇಳಬೇಕು.

1935ರ ಮೇ ತಿಂಗಳಲ್ಲಿ ಬಿಲ್ ವ್ಯವಹಾರದ ಕೆಲಸಕ್ಕೆಂದು ಆಕ್ರನ್‌ಗೆ ಹೋದರು. ಕೆಲಸ ಕೆಟ್ಟಿತು, ಜೇಬು ಬರಿದಾಗಿತ್ತು, ಜೊತೆಯಲ್ಲಿ ಬಂದವರು ಹೊರಟುಹೋಗಿದ್ದರು. ಹೋಟೆಲಿನ ಹಜಾರದ ಒಂದು ಕಡೆ ಬಾರ್, ಇನ್ನೊಂದು ಕಡೆ ಊರಿನ ಚರ್ಚುಗಳ ಪಟ್ಟಿ ಮತ್ತು ಟೆಲಿಫೋನ್. ಬಿಲ್ ಟೆಲಿಫೋನಿನತ್ತ ನಡೆದರು. ಒಬ್ಬ ಪಾದ್ರಿಯವರಿಗೆ ಕರೆ ಮಾಡಿ, ತಾನು ಮಾತನಾಡಬಹುದಾದ ಒಬ್ಬ ಕುಡುಕ ಈ ಊರಿನಲ್ಲಿ ಸಿಗುವನೇ ಎಂದು ಕೇಳಿದರು. ಹೀಗೆ ಸಿಕ್ಕವರು ಶಸ್ತ್ರಚಿಕಿತ್ಸಕ ಡಾ. ಬಾಬ್ ಸ್ಮಿತ್. ಹೆಂಡತಿಯ ಒತ್ತಾಯಕ್ಕೆ ಬಂದಿದ್ದ ವೈದ್ಯರು ಹದಿನೈದು ನಿಮಿಷಕ್ಕಿಂತ ಹೆಚ್ಚು ಇರುವುದಿಲ್ಲ ಎಂದಿದ್ದರು. ಇಬ್ಬರ ಮಾತು ಗಂಟೆಗಟ್ಟಲೆ ನಡೆಯಿತು. ಡಾ. ಬಾಬ್ ಮಧ್ಯೆ ಒಮ್ಮೆ ಜಾರಿದರಾದರೂ, 1935ರ ಜೂನ್ 10ರ ನಂತರ ಮತ್ತೆಂದೂ ಕುಡಿಯಲಿಲ್ಲ. ಆ ದಿನವನ್ನೇ 'ಆಲ್ಕೋಹಾಲಿಕ್ಸ್ ಅನಾನಿಮಸ್' ಅಥವಾ ಎ.ಎ. ಬಳಗದ ಹುಟ್ಟಿದ ದಿನವೆಂದು ಎಣಿಸಲಾಗುತ್ತದೆ.

ಡಾ. ಬಾಬ್ ವೈದ್ಯರು, ಅವರಿಗೆ ಮದ್ಯದ ಕೆಡುಕು ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ಉಪದೇಶವನ್ನೂ ಅವರು ಬೇಕಾದಷ್ಟು ಕೇಳಿದ್ದರು. ಆ ಸಂಜೆ ಬಂದವರು ಮಾತ್ರ ಉಪದೇಶ ಮಾಡಲಿಲ್ಲ. ತಮ್ಮ ಕಥೆ ಹೇಳಿಕೊಂಡರು, ಮತ್ತು ತಾನು ಕುಡಿಯದೆ ಉಳಿಯಲು ನಿಮ್ಮ ಸಹಾಯ ಬೇಕು ಎಂದರು. ಸಹಾಯ ಕೊಡುವವನಿಗೂ ಪಡೆಯುವವನಷ್ಟೇ ಅದರ ಅಗತ್ಯವಿದೆ ಎಂಬ ಈ ತಿಳಿವಳಿಕೆಯೇ ಮುಂದೆ ಬೆಳೆದ ಎಲ್ಲ ಬೆಂಬಲ ಗುಂಪುಗಳ ಅಡಿಪಾಯ.

ಕೂಟದಲ್ಲಿ ಏನು ನಡೆಯುತ್ತದೆ?

ಹೊರಗಿನವರಿಗೆ ಎ.ಎ. ಕೂಟ ಬಹಳ ಸಾದಾ ಎನಿಸಬಹುದು. ಹತ್ತಿಪ್ಪತ್ತು ಕುರ್ಚಿ, ಒಂದು ಗಂಟೆ ಅಥವಾ ಒಂದೂವರೆ ಗಂಟೆ ಹೊತ್ತು, ಒಂದು ಲೋಟ ಚಹಾ. ಒಬ್ಬೊಬ್ಬರಾಗಿ ತಮ್ಮ ಹೆಸರು ಹೇಳಿ, ತಾನೊಬ್ಬ ಮದ್ಯವ್ಯಸನಿ ಎಂದು ಒಪ್ಪಿಕೊಂಡು, ಹಿಂದೆ ಹೇಗಿದ್ದೆ, ಏನಾಯಿತು, ಈಗ ಹೇಗಿದ್ದೇನೆ ಎಂಬುದನ್ನು ಹಂಚಿಕೊಳ್ಳುತ್ತಾರೆ. ನಡುವೆ ಯಾರೂ ಬಾಯಿ ಹಾಕುವುದಿಲ್ಲ, ಸಲಹೆ ಕೊಡುವುದಿಲ್ಲ. ಬ್ಯಾಂಕ್ ಅಧಿಕಾರಿಯ ಪಕ್ಕದಲ್ಲಿ ದೋಣಿಯಲ್ಲಿ ದುಡಿಯುವವರು ಕುಳಿತಿರುತ್ತಾರೆ. ಸದಸ್ಯತ್ವ ಶುಲ್ಕವಿಲ್ಲ, ನೋಂದಣಿ ಪುಸ್ತಕವಿಲ್ಲ. ಕುಡಿತ ಬಿಡಬೇಕೆಂಬ ಆಸೆ ಇದ್ದರೆ ಸಾಕು. ಜೀವನಪರ್ಯಂತ ಕುಡಿಯುವುದಿಲ್ಲ ಎಂಬ ಪ್ರತಿಜ್ಞೆಯನ್ನೂ ಯಾರೂ ಕೇಳುವುದಿಲ್ಲ. ಇವತ್ತು ಒಂದು ದಿನ ಕುಡಿಯದೆ ಇರೋಣ, ನಾಳೆಯದ್ದು ನಾಳೆ. ಪ್ರತಿಜ್ಞೆ ಮಾಡಿ ಮುರಿದು, ಮುರಿದು ಮಾಡಿ ಸುಸ್ತಾದವನಿಗೆ ಈ ಒಂದು ದಿನದ ಲೆಕ್ಕ ಎಷ್ಟು ದೊಡ್ಡ ಸಮಾಧಾನವೆಂಬುದು ಅವನಿಗೇ ಗೊತ್ತು.

ಹೊಸಬನಿಗೆ ಹಳಬರೊಬ್ಬರು 'ಸ್ಪಾನ್ಸರ್' ಆಗಿ ಜೊತೆ ನೀಡುತ್ತಾರೆ. ನಡುರಾತ್ರಿ ಕುಡಿಯುವ ತವಕ ಹತ್ತಿದರೆ ಫೋನ್ ಮಾಡಬಹುದಾದ ಮನುಷ್ಯ ಅವರು. ಆ ತವಕ ಅಲೆಯ ಹಾಗೆ, ಏರುತ್ತದೆ, ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ಅದು ಇಳಿಯುವವರೆಗೆ ಫೋನಿನ ಆ ಕಡೆ ಒಬ್ಬರು ಇದ್ದರೆ ಆ ರಾತ್ರಿ ದಾಟಿತು. ವರ್ಷಗಟ್ಟಲೆ ಮನೆಯಿಂದ ದೂರ ಹಡಗಿನಲ್ಲಿ ದುಡಿಯುವ ನಮ್ಮ ಕರಾವಳಿಯ ಯುವಕರಿಗೆ ಇದು ತಿಳಿದಿರಲಿ: ಅನೇಕ ಪ್ರವಾಸಿ ಹಡಗುಗಳ ದಿನದ ಕಾರ್ಯಕ್ರಮ ಪಟ್ಟಿಯಲ್ಲಿ 'ಫ್ರೆಂಡ್ಸ್ ಆಫ್ ಬಿಲ್ ಡಬ್ಲ್ಯು.' ಎಂದು ಕಾಣುವ ಸಾಲು ಎ.ಎ. ಕೂಟದ್ದೇ.

ಹನ್ನೆರಡು ಮೆಟ್ಟಿಲುಗಳು ಎಂದು ಹೆಸರಾದ ಕಾರ್ಯಕ್ರಮವನ್ನು ಎ.ಎ. 1939ರಲ್ಲಿ ಪುಸ್ತಕರೂಪದಲ್ಲಿ ಪ್ರಕಟಿಸಿತು. ತನ್ನಿಂದ ಆಗುವುದಿಲ್ಲ ಎಂದು ಒಪ್ಪಿಕೊಳ್ಳುವುದು, ತನಗಿಂತ ದೊಡ್ಡ ಶಕ್ತಿಯಲ್ಲಿ ಭರವಸೆಯಿಡುವುದು, ಆತ್ಮಶೋಧನೆ, ಇನ್ನೊಬ್ಬರೆದುರು ತಪ್ಪೊಪ್ಪಿಗೆ, ನೋಯಿಸಿದವರಿಗೆ ಸಾಧ್ಯವಾದಷ್ಟು ಪರಿಹಾರ, ಕೊನೆಗೆ ಇತರ ವ್ಯಸನಿಗಳಿಗೆ ನೆರವು. ನಮ್ಮ ಓದುಗರಿಗೆ ಇದರಲ್ಲಿ ಪಾಪನಿವೇದನೆಯ ನೆರಳು ಕಂಡರೆ ಆಶ್ಚರ್ಯವಿಲ್ಲ. 1940ರ ಚಳಿಗಾಲದ ಒಂದು ರಾತ್ರಿ ಸೈಂಟ್ ಲೂಯಿಸ್ ನಗರದ ಯೇಸು ಸಭೆಯ ಗುರು ಫಾದರ್ ಎಡ್ವರ್ಡ್ ಡೌಲಿಂಗ್ ಊರುಗೋಲು ಊರಿಕೊಂಡು ಬಿಲ್ ಅವರನ್ನು ಹುಡುಕಿಕೊಂಡು ಬಂದರು. ಸಂತ ಇಗ್ನೇಷಿಯಸರ ಆಧ್ಯಾತ್ಮಿಕ ಸಾಧನೆಗಳಿಗೂ ಈ ಮೆಟ್ಟಿಲುಗಳಿಗೂ ಇರುವ ಹೋಲಿಕೆ ಅವರ ಕುತೂಹಲ ಕೆರಳಿಸಿತ್ತು. ಬಿಲ್ ಆ ಸಾಧನೆಗಳ ಬಗ್ಗೆ ಕೇಳಿಯೇ ಇರಲಿಲ್ಲ. ಕಥೋಲಿಕರಲ್ಲದ ಬಿಲ್ ಮತ್ತು ಮದ್ಯವ್ಯಸನಿಯಲ್ಲದ ಈ ಗುರುಗಳ ನಡುವೆ ಅಂದು ಹುಟ್ಟಿದ ಗೆಳೆತನ 1960ರಲ್ಲಿ ಫಾದರ್ ಡೌಲಿಂಗ್ ತೀರಿಕೊಳ್ಳುವವರೆಗೂ ಉಳಿಯಿತು.

ಹೂವಿನ ಕೋಣೆಯ ಧರ್ಮಭಗಿನಿ

ಎ.ಎ.ಯ ಇತಿಹಾಸದಲ್ಲಿ ಇನ್ನೊಬ್ಬರನ್ನು ನಮ್ಮ ಚರ್ಚಿನ ಕಾರ್ಯಕರ್ತರು ಅಗತ್ಯವಾಗಿ ತಿಳಿದಿರಬೇಕು. ಆ ಕಾಲದಲ್ಲಿ ಆಸ್ಪತ್ರೆಗಳು ಕುಡುಕರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಗಲಾಟೆ ಮಾಡುತ್ತಾರೆ, ಬಿಲ್ಲು ಕಟ್ಟುವುದಿಲ್ಲ ಎಂಬ ದೂರು. ಆಕ್ರನ್‌ನ ಸಂತ ತೋಮಸರ ಆಸ್ಪತ್ರೆಯಲ್ಲಿ ರೋಗಿಗಳನ್ನು ದಾಖಲು ಮಾಡಿಕೊಳ್ಳುತ್ತಿದ್ದವರು ಐರ್ಲೆಂಡ್ ಮೂಲದ ಸಿಸ್ಟರ್ ಇಗ್ನೇಷಿಯಾ. 1939ರ ಆಗಸ್ಟಿನಲ್ಲಿ ಡಾ. ಬಾಬ್ ಕೇಳಿಕೊಂಡಾಗ ಅವರು ಒಬ್ಬ ಮದ್ಯವ್ಯಸನಿಯನ್ನು 'ಜಠರದ ಉರಿಯೂತ' ಎಂದು ಬರೆದು ದಾಖಲಿಸಿಕೊಂಡರು, ಬೇರೆ ಜಾಗವಿಲ್ಲದೆ ರೋಗಿಗಳಿಗೆ ಬಂದ ಹೂಗಳನ್ನು ಜೋಡಿಸುವ ಚಿಕ್ಕ ಕೋಣೆಯಲ್ಲಿ ಮಲಗಿಸಿದರು. ಮುಂದೆ ಅದೇ ಆಸ್ಪತ್ರೆಯಲ್ಲಿ ಮದ್ಯವ್ಯಸನಿಗಳಿಗೆ ಪ್ರತ್ಯೇಕ ವಾರ್ಡ್ ಆಯಿತು. ಚೇತರಿಸಿಕೊಂಡು ಹೊರಡುವವರ ಕೈಗೆ ಸಿಸ್ಟರ್ ಯೇಸುವಿನ ಪವಿತ್ರ ಹೃದಯದ ಒಂದು ಬ್ಯಾಡ್ಜ್ ಕೊಡುತ್ತಿದ್ದರು. ಒಂದೇ ಷರತ್ತು: ಮತ್ತೆ ಕುಡಿಯಬೇಕೆನಿಸಿದರೆ ಮೊದಲು ಬಂದು ಅದನ್ನು ಹಿಂದಿರುಗಿಸಬೇಕು. ಕುಡಿಯುವ ಮೊದಲು ಒಬ್ಬರ ಮುಖ ನೋಡಬೇಕಾಗುತ್ತದೆ ಎಂಬುದೇ ಆ ಬ್ಯಾಡ್ಜಿನ ಶಕ್ತಿ. 1952ರಲ್ಲಿ ಕ್ಲೀವ್‌ಲ್ಯಾಂಡಿಗೆ ವರ್ಗವಾದ ಮೇಲೂ ಅವರು ಇದೇ ಸೇವೆಯನ್ನು ಮುಂದುವರಿಸಿದರು, 1966ರಲ್ಲಿ ದೈವಾಧೀನರಾದರು.

ಹಾಗೆಯೇ ಡಬ್ಲಿನ್ ನಗರದ ಕೂಲಿಕಾರ ಮ್ಯಾಟ್ ಟಾಲ್ಬಟ್ (1856-1925) ಅವರನ್ನು ವ್ಯಸನಿಗಳ ಆಸರೆಯಾಗಿ ಅನೇಕರು ನೆನೆಯುತ್ತಾರೆ. 28ನೇ ವಯಸ್ಸಿನಲ್ಲಿ, ಕೈಯಲ್ಲಿ ಕಾಸಿಲ್ಲದ ಒಂದು ದಿನ, ಪಬ್ಬಿನ ಹೊರಗೆ ನಿಂತು ಗೆಳೆಯರು ಕರೆಯಲೆಂದು ಕಾದರು. ಅವರ ದುಡ್ಡಿನಲ್ಲಿ ಎಷ್ಟೋ ಸಲ ಕುಡಿದಿದ್ದ ಒಬ್ಬನೂ ಕರೆಯಲಿಲ್ಲ. ಅಂದೇ ಮನೆಗೆ ಹೋಗಿ ಕುಡಿತ ಬಿಡುವ ಪ್ರತಿಜ್ಞೆ ಮಾಡಿದರು, 41 ವರ್ಷ ಉಳಿಸಿಕೊಂಡರು. 1975ರಲ್ಲಿ ಪೋಪ್ ಆರನೇ ಪೌಲರು ಅವರನ್ನು 'ಪೂಜ್ಯ'ರೆಂದು ಘೋಷಿಸಿದರು. ಗ್ಲಾಸಿನ ಗೆಳೆತನ ಗ್ಲಾಸು ಇರುವವರೆಗೆ ಮಾತ್ರ ಎಂದು ಅವರಿಗೆ ಅರ್ಥವಾದದ್ದು ಆ ಪಬ್ಬಿನ ಬಾಗಿಲಲ್ಲಿ.

ವಿಜ್ಞಾನ ಏನು ಹೇಳುತ್ತದೆ?

ಇದೆಲ್ಲ ಬರೀ ನಂಬಿಕೆಯ ಮಾತಲ್ಲವೇ ಎಂದು ಕೇಳುವವರಿದ್ದಾರೆ, ಕೇಳಬೇಕಾದ ಪ್ರಶ್ನೆಯೇ. ವೈದ್ಯಕೀಯ ಸಂಶೋಧನೆಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕೊಕ್ರೇನ್ ಸಂಸ್ಥೆ 2006ರಲ್ಲಿ ನಡೆಸಿದ ವಿಮರ್ಶೆಯಲ್ಲಿ ಎ.ಎ. ಪರವಾಗಿ ಖಚಿತ ಪುರಾವೆ ಸಿಕ್ಕಿರಲಿಲ್ಲ. 2020ರಲ್ಲಿ 27 ಅಧ್ಯಯನಗಳ, 10,565 ಮಂದಿಯ ಮಾಹಿತಿ ಇಟ್ಟುಕೊಂಡು ನಡೆದ ಹೊಸ ವಿಮರ್ಶೆಯ ಫಲಿತಾಂಶ ಬೇರೆಯಾಗಿತ್ತು. ರೋಗಿಗಳನ್ನು ಎ.ಎ. ಕೂಟಗಳಿಗೆ ಕ್ರಮಬದ್ಧವಾಗಿ ಜೋಡಿಸಿದ ಕಡೆ ಒಂದು ವರ್ಷದ ನಂತರ ಶೇ. 42 ಮಂದಿ ಪೂರ್ತಿ ಕುಡಿಯದೆ ಉಳಿದಿದ್ದರು. ಆಪ್ತಸಮಾಲೋಚನೆಯೇ ಮೊದಲಾದ ಬೇರೆ ಚಿಕಿತ್ಸೆ ಮಾತ್ರ ಪಡೆದವರಲ್ಲಿ ಇದು ಶೇ. 35. ದೊಡ್ಡ ಅಂತರವಲ್ಲ ಎನಿಸಬಹುದು, ಆದರೆ ನೂರರಲ್ಲಿ ಏಳು ಮನೆಗಳು ಎಂದರೆ ಸಣ್ಣ ವಿಷಯವೂ ಅಲ್ಲ. ಗುಂಪು ಕೆಲಸ ಮಾಡುವುದಕ್ಕೆ ಸಂಶೋಧಕರು ಕೊಡುವ ಮುಖ್ಯ ಕಾರಣವೂ ಸರಳವಾದದ್ದು: ವ್ಯಕ್ತಿಯ ಒಡನಾಟ ಬದಲಾಗುತ್ತದೆ. ಕುಡಿಯುವ ಗೆಳೆಯರು ಕಡಿಮೆಯಾಗಿ, ಕುಡಿಯದ ಗೆಳೆಯರು ಹೆಚ್ಚುತ್ತಾರೆ.

ಹಾಗೆಂದು ಇದು ಎಲ್ಲರಿಗೂ ಒಗ್ಗುತ್ತದೆ ಎಂದಲ್ಲ. ಕೆಲವರು ಎರಡು ಕೂಟಕ್ಕೆ ಬಂದು ಬಿಟ್ಟುಬಿಡುತ್ತಾರೆ. ಮಹಿಳೆಯರಿಗೆ ಗಂಡಸರೇ ತುಂಬಿರುವ ಕೂಟದಲ್ಲಿ ಬಾಯಿ ಬಿಡುವುದು ಕಷ್ಟ. ಕುಡಿಯುವ ಮಹಿಳೆಯರೂ ನಮ್ಮಲ್ಲಿದ್ದಾರೆ, ಅವರ ಸಂಕಟ ಇನ್ನಷ್ಟು ಆಳದಲ್ಲಿ ಹೂತಿದೆ. ಒಂದು ಗುಂಪು ಹಿಡಿಸದಿದ್ದರೆ ಇನ್ನೊಂದನ್ನು ಹುಡುಕಬೇಕು.

ನಮ್ಮ ನೆಲದಲ್ಲಿ

ಭಾರತದಲ್ಲಿ ಎ.ಎ. ಕೂಟಗಳು ಆರಂಭವಾದದ್ದು 1957ರಲ್ಲಿ, ದೆಹಲಿಯಲ್ಲಿ. ಇಂದು ಮಂಗಳೂರು ಸೇರಿದಂತೆ ಕರಾವಳಿಯಲ್ಲೂ ಗುಂಪುಗಳಿವೆ. ಮುಂಬಯಿಯ ಬಾಂದ್ರಾದಲ್ಲಿ 1981ರಲ್ಲಿ ಕೃಪಾ ಫೌಂಡೇಶನ್ ಆರಂಭಿಸಿದ ಫಾದರ್ ಜೋ ಪಿರೇರಾ ಸ್ವತಃ ಮದ್ಯವ್ಯಸನದಿಂದ ಹೊರಬಂದವರು, ಅದನ್ನು ಬಹಿರಂಗವಾಗಿಯೇ ಹೇಳಿಕೊಂಡವರು. ಹನ್ನೆರಡು ಮೆಟ್ಟಿಲುಗಳ ಜೊತೆ ಯೋಗವನ್ನು ಸೇರಿಸಿದ ಅವರ ಸೇವೆಗೆ 2009ರಲ್ಲಿ ಪದ್ಮಶ್ರೀ ಸಂದಿತು.

ನಮಗೆ ತೀರಾ ಹತ್ತಿರದ ಉದಾಹರಣೆ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರ ಮದ್ಯವರ್ಜನ ಶಿಬಿರಗಳು. ಸಾವಿರಕ್ಕೂ ಮೀರಿದ ಶಿಬಿರಗಳು ರಾಜ್ಯದಾದ್ಯಂತ ನಡೆದಿವೆ. ವ್ಯಸನಿಯನ್ನು ದೂರದ ಕೇಂದ್ರಕ್ಕೆ ಕಳುಹಿಸುವ ಬದಲು ಶಿಬಿರವೇ ಊರಿಗೆ ಬರುತ್ತದೆ. ಸಭಾಭವನದಲ್ಲೋ ಶಾಲೆಯಲ್ಲೋ ಎಂಟು ದಿನ ವಾಸ್ತವ್ಯ; ಅಕ್ಕಿ, ತರಕಾರಿ, ಅಡುಗೆ, ಉಸ್ತುವಾರಿ ಎಲ್ಲಕ್ಕೂ ಸ್ಥಳೀಯ ಸಮಿತಿ ಹೆಗಲು ಕೊಡುತ್ತದೆ. ಮನೆಯವರನ್ನೂ ಕರೆಸಿ ಮಾತನಾಡಿಸುತ್ತಾರೆ. ಶಿಬಿರ ಮುಗಿದ ಮೇಲೆ ಕುಡಿತ ಬಿಟ್ಟವರದ್ದೇ 'ನವಜೀವನ ಸಮಿತಿ' ರಚನೆಯಾಗಿ, ಅವರು ಮತ್ತೆ ಮತ್ತೆ ಸೇರುತ್ತಾರೆ. ಎ.ಎ.ಯಲ್ಲಿ ಹೆಸರು ಗುಟ್ಟು, ಇಲ್ಲಿ ಇಡೀ ಊರೇ ಸಾಕ್ಷಿ. ಎರಡು ದಾರಿಗಳು ಬೇರೆಯಾದರೂ ಎರಡರಲ್ಲೂ ಕುಡಿತ ಬಿಟ್ಟವನು ಒಂಟಿಯಾಗಿ ಉಳಿಯುವುದಿಲ್ಲ. ನಮ್ಮ ಧರ್ಮಕೇಂದ್ರಗಳು ಈ ಸಮಿತಿಗಳಿಂದ ಕಲಿಯುವುದು ಬಹಳಷ್ಟಿದೆ ಎಂಬುದು ಈ ಲೇಖಕನ ಅಭಿಪ್ರಾಯ.

ಮೊದಲು ವೈದ್ಯರು

ಇಲ್ಲಿ ಒಂದು ಎಚ್ಚರಿಕೆ ಅತಿಮುಖ್ಯ. ಪ್ರತಿದಿನ ಬೆಳಿಗ್ಗೆಯಿಂದಲೇ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಮೊದಲ ಒಂದೆರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕು ದಿನಗಳ ನಡುವೆ ಜ್ವರ, ವಿಪರೀತ ನಡುಕ, ಇಲ್ಲದ್ದು ಕಾಣಿಸುವುದು, ದಿಕ್ಕು ತಪ್ಪಿದಂತಾಗುವುದು ಶುರುವಾಗಿ ಪ್ರಾಣಕ್ಕೇ ಅಪಾಯವಾಗಬಹುದು. ಅಂಥವರನ್ನು ನೇರವಾಗಿ ಧ್ಯಾನಕೂಟಕ್ಕೆ ಕರೆದೊಯ್ಯುವುದು, ಮನೆಯ ಕೋಣೆಯಲ್ಲಿ ಕೂಡಿಹಾಕುವುದು ಖಂಡಿತ ಸಲ್ಲದು. ಮೊದಲು ಆಸ್ಪತ್ರೆ, ಆಮೇಲೆ ಕೂಟ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕಾಗಿಯೇ ವಿಭಾಗವಿದೆ, ಉಡುಪಿಯ ಡಾ. ಎ. ವಿ. ಬಾಳಿಗಾ ಸ್ಮಾರಕ ಆಸ್ಪತ್ರೆ ಮದ್ಯವ್ಯಸನ ವಿಮುಕ್ತಿ ಶಿಬಿರಗಳಿಗೆ ಹೆಸರಾದದ್ದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ವ್ಯಾಪ್ತಿಗೆ ಮದ್ಯ ಮತ್ತು ಮಾದಕ ವಸ್ತುಗಳ ವ್ಯಸನವೂ ಬರುವುದರಿಂದ, ಖಾಸಗಿ ಕೇಂದ್ರಕ್ಕೆ ಸೇರಿಸುವ ಮೊದಲು ಅದು ನೋಂದಣಿಯಾಗಿದೆಯೇ, ವೈದ್ಯರು ಬರುತ್ತಾರೆಯೇ ಎಂದು ಕೇಳಿ ತಿಳಿದುಕೊಳ್ಳಿ. ಹೊಡೆದು ಬಡಿದು 'ಸರಿಮಾಡುವ' ಜಾಗಗಳಿಂದ ದೂರವಿರಿ.

ಮನೆಯವರೂ ರೋಗಿಗಳೇ

ಕುಡಿಯುವವನ ಸುತ್ತ ಇಡೀ ಮನೆ ಸುತ್ತುತ್ತದೆ. ಹೆಂಡತಿ ಅವನ ಪರವಾಗಿ ಸುಳ್ಳು ಹೇಳುತ್ತಾಳೆ, ಅಮ್ಮ ಸಾಲ ತೀರಿಸುತ್ತಾಳೆ, ಮಕ್ಕಳು ಗೆಳೆಯರನ್ನು ಮನೆಗೆ ಕರೆಯುವುದನ್ನೇ ಬಿಡುತ್ತಾರೆ. ಲೋಯಿಸ್ ವಿಲ್ಸನ್ ಇದನ್ನು ಕಂಡುಂಡವರು. 1951ರಲ್ಲಿ ಅವರು ಗೆಳತಿಯೊಬ್ಬರ ಜೊತೆ ಕುಟುಂಬದವರಿಗಾಗಿ ಅಲ್-ಅನಾನ್ ಬಳಗವನ್ನು ಕಟ್ಟಿದರು. 1957ರಲ್ಲಿ ಹದಿಹರೆಯದ ಮಕ್ಕಳಿಗಾಗಿ ಅಲಟೀನ್ ಆರಂಭವಾಯಿತು. ಈ ಕುಡಿತಕ್ಕೆ ನೀನು ಕಾರಣಳಲ್ಲ, ಅದನ್ನು ಗುಣಪಡಿಸುವುದೂ ನಿನ್ನ ಕೈಯಲ್ಲಿಲ್ಲ ಎಂದು ಅದೇ ಕಷ್ಟ ಅನುಭವಿಸಿದ ಇನ್ನೊಬ್ಬ ಹೆಂಗಸು ಹೇಳಿದಾಗ ಸಿಗುವ ನೆಮ್ಮದಿ ದೊಡ್ಡದು. ಗಂಡ ಕುಡಿತ ಬಿಡಲಿ ಬಿಡದಿರಲಿ, ಹೆಂಡತಿ ಮಕ್ಕಳು ಈ ಬೆಂಬಲ ಪಡೆಯಬಹುದು. ನಮ್ಮ ಸ್ತ್ರೀ ಸಂಘಟನೆಗಳು ಕೈಹಾಕಬಹುದಾದ ಕೆಲಸವಿದು.

ಧರ್ಮಕೇಂದ್ರದಲ್ಲಿ ಏನು ಮಾಡಬಹುದು?

ಮೊದಲನೆಯದಾಗಿ ಜಾಗ. ಎ.ಎ. ಅಥವಾ ಅಂಥ ಗುಂಪಿಗೆ ವಾರಕ್ಕೊಂದು ಸಂಜೆ ಚರ್ಚ್ ಸಭಾಂಗಣದ ಅಥವಾ ಶಾಲೆಯ ಒಂದು ಕೋಣೆ ಸಾಕು. ಬಾಡಿಗೆ ಬೇಡವೆಂದು ನೀವು ಹೇಳಿದರೂ ಅವರು ಸ್ವಲ್ಪ ಕೊಡಲು ಬಯಸಬಹುದು, ತೆಗೆದುಕೊಳ್ಳಿ. ಹೊರಗಿನವರ ಹಣವನ್ನು ಪಡೆಯದೆ ತಮ್ಮ ಖರ್ಚು ತಾವೇ ನೋಡಿಕೊಳ್ಳುವುದು ಅವರ ಪದ್ಧತಿ. ಕೋಣೆ ಕೊಟ್ಟ ಮಾತ್ರಕ್ಕೆ ಗುಂಪು ಚರ್ಚಿನದ್ದಾಗುವುದಿಲ್ಲ. ಪಾಲನಾ ಮಂಡಳಿಯವರು ಹೋಗಿ ಅಧ್ಯಕ್ಷತೆ ವಹಿಸುವುದು, ಬಂದವರ ಪಟ್ಟಿ ಕೇಳುವುದು, ಫೋಟೊ ತೆಗೆದು ವಾರ್ತಾಪತ್ರದಲ್ಲಿ ಹಾಕುವುದು, ಇವು ಗುಂಪನ್ನು ಒಂದೇ ತಿಂಗಳಲ್ಲಿ ಮುಚ್ಚಿಸುತ್ತವೆ. ಎಲ್ಲ ಧರ್ಮದವರೂ ಬರುತ್ತಾರೆ, ಬರಲಿ. ಕೆಲವರು ತಮ್ಮ ಊರಿನ ಕೂಟಕ್ಕೆ ಬರದೆ ನಾಲ್ಕು ಊರಾಚೆಗೆ ಹೋಗುತ್ತಾರೆ. ಏಕೆಂದು ಕೇಳಬೇಡಿ.

ಎರಡನೆಯದು ಬಾಯಿ. ವಾಳೆಯ ಗುರಿಕಾರರಿಗೆ ಒಂದು ಮನೆಯ ಸಂಗತಿ ತಿಳಿದರೆ ಅದು ಅವರಲ್ಲೇ ಉಳಿಯಬೇಕು. ಪ್ರಾರ್ಥನಾ ಕೂಟದಲ್ಲಿ ಹೆಸರು ಹೇಳಿ ಪ್ರಾರ್ಥಿಸುವುದು ಒಳ್ಳೆಯ ಮನಸ್ಸಿನಿಂದಲೇ ಆದರೂ ಅದು ಡಂಗುರವೇ.

ಮೂರನೆಯದು ನಮ್ಮ ಸಮಾರಂಭಗಳು. ರೋಸ್, ಮದುವೆ, ವಾರ್ಷಿಕ ಹಬ್ಬ, ಎಲ್ಲ ಕಡೆ ಗ್ಲಾಸು ಹಿಡಿಸುವುದೇ ಉಪಚಾರ ಎಂಬಂತಾಗಿದೆ. 'ಇವತ್ತೊಂದು ದಿನ ತಕ್ಕೊ ಮಾರಾಯ, ಏನಾಗುವುದಿಲ್ಲ' ಎಂಬ ಮಾತು ಮೂರು ವರ್ಷದ ಶ್ರಮವನ್ನು ಮೂರು ನಿಮಿಷದಲ್ಲಿ ಕೆಡವಬಲ್ಲದು. ಟೋಸ್ಟಿಗೆ ಹಣ್ಣಿನ ರಸವೂ ಒಂದೇ ಬಗೆಯ ಗ್ಲಾಸಿನಲ್ಲಿ ಬಂದರೆ ಯಾರು ಏನು ಕುಡಿಯುತ್ತಿದ್ದಾರೆಂದು ಯಾರೂ ನೋಡಬೇಕಾಗಿಲ್ಲ. ಕ್ರಿಸ್ಮಸ್ ಕುಸ್ವಾರಿನ ತಟ್ಟೆ ಕಳುಹಿಸುವಾಗಲೂ ಸ್ವಲ್ಪ ಯೋಚನೆ ಬೇಕು. ಕುಡಿತ ತಡೆಯಲು ಡೈಸಲ್ಫಿರಾಂ ಮಾತ್ರೆ ಸೇವಿಸುವವರಿಗೆ ರಮ್ಮಿನಲ್ಲಿ ನೆನೆಸಿದ ಹಣ್ಣಿನ ಕೇಕ್ ಕೂಡ ಮುಖ ಕೆಂಪಾಗುವುದು, ಎದೆ ಬಡಿತ, ವಾಂತಿ ತರಬಹುದು. ಮನೆಯಲ್ಲಿ ಮಾಡಿದ ದ್ರಾಕ್ಷಿ ವೈನೂ ವೈನೇ.

ಬಲಿಪೂಜೆಯ ದ್ರಾಕ್ಷಾರಸದ ಬಗ್ಗೆಯೂ ಕೆಲವರಿಗೆ ಅಳುಕಿರುತ್ತದೆ. ಮದುವೆ, ಜುಬಿಲಿ ಸಂದರ್ಭಗಳಲ್ಲಿ ಎರಡೂ ರೂಪದಲ್ಲಿ ಪರಮಪ್ರಸಾದ ಕೊಡುವಾಗ, ರೊಟ್ಟಿಯ ರೂಪದಲ್ಲಿ ಮಾತ್ರ ಸ್ವೀಕರಿಸಿದರೂ ಅದು ಪರಿಪೂರ್ಣ ಪರಮಪ್ರಸಾದವೇ. ಗುರುಗಳಿಗೆ ಮೊದಲೇ ಒಂದು ಮಾತು ತಿಳಿಸಿದರೆ ಮುಜುಗರವಿಲ್ಲ. ವ್ಯಸನದಿಂದ ಹೊರಬಂದ ಗುರುಗಳಿಗೂ ಧರ್ಮಾಧ್ಯಕ್ಷರ ಅನುಮತಿಯ ಮೇರೆಗೆ ಹುಳಿಯದ ದ್ರಾಕ್ಷಾರಸ ಬಳಸುವ ಅವಕಾಶವನ್ನು ವ್ಯಾಟಿಕನ್ 2003ರ ಪತ್ರದಲ್ಲಿ ಸ್ಪಷ್ಟಪಡಿಸಿದೆ.

ಇನ್ನು ಕೆಲಸ. ಕುಡಿತ ಬಿಟ್ಟವನಿಗೆ ಹಬ್ಬದ ಸಿದ್ಧತೆಯಲ್ಲಿ, ಸ್ಮಶಾನ ಸ್ವಚ್ಛತೆಯಲ್ಲಿ, ಸಂತ ವಿನ್ಸೆಂಟ್ ಪಾವ್ಲ್ ಸಭೆಯ ಮನೆಭೇಟಿಯಲ್ಲಿ ಒಂದು ಜವಾಬ್ದಾರಿ ಕೊಡಿ. ಮೊದಲ ತಿಂಗಳೇ ಖಜಾಂಚಿ ಮಾಡಬೇಡಿ, ವೇದಿಕೆ ಹತ್ತಿಸಿ ಸಾಕ್ಷ್ಯ ಹೇಳಿಸಲೂ ಬೇಡಿ. ಚಪ್ಪಾಳೆ ಸಿಕ್ಕವನು ಜಾರಿದರೆ ಎದ್ದು ಬರುವುದು ಇನ್ನೂ ಕಷ್ಟ. ಜಾರುವವರು ಇದ್ದೇ ಇರುತ್ತಾರೆ. ಅದು ಈ ಕಾಯಿಲೆಯ ಸ್ವಭಾವ. ಜಾರಿದವನು ಮುಂದಿನ ಭಾನುವಾರ ಚರ್ಚಿನ ಹಿಂದಿನ ಬೆಂಚಿನಲ್ಲಿ ಬಂದು ಕುಳಿತರೆ, ಹಿಂದಿನ ವಾರ ಎಲ್ಲಿದ್ದೆ ಎಂದು ಕೇಳದೆ ಪಕ್ಕದಲ್ಲಿ ಕುಳಿತುಕೊಳ್ಳಿ.

ನೆರವಿಗಾಗಿ: ಮದ್ಯ ಮತ್ತು ಮಾದಕ ವ್ಯಸನದ ರಾಷ್ಟ್ರೀಯ ಉಚಿತ ಸಹಾಯವಾಣಿ 14446. ಮಾನಸಿಕ ಆರೋಗ್ಯಕ್ಕೆ ಸಂಬಂಧಿಸಿದ ಯಾವುದೇ ತೊಂದರೆಗೆ ಟೆಲಿ ಮಾನಸ್ 14416. ಇಲ್ಲಿ ಕನ್ನಡದಲ್ಲೂ ಮಾತನಾಡಬಹುದು. ವ್ಯಸನಿಯೇ ಕರೆ ಮಾಡಬೇಕೆಂದಿಲ್ಲ, ಮನೆಯವರೂ ಮಾಡಬಹುದು. ಈ ಎರಡು ಸಂಖ್ಯೆಗಳನ್ನು ಚರ್ಚಿನ ಸೂಚನಾ ಫಲಕದಲ್ಲಿ, ನಿಂತು ಓದುವವರನ್ನು ನಾಲ್ಕು ಜನ ನೋಡದ ಕಡೆ, ಬರೆದು ಹಾಕಿ.